ಲ.ಸಾ.ಅ., ಮ.ಸಾ.ಅ.: ಬಾಗ್ದಾದಿನಿಂದ ಮಳಖೇಡದವರೆಗೆ

ಕನ್ನಡ ತರಗತಿಯಲ್ಲಿ ಮ.ಸಾ.ಅ., ಲ.ಸಾ.ಅ.; ಉರ್ದು ತರಗತಿಯಲ್ಲಿ ಆದೇ ಆಜಮ್, ಜೂ ಅಜಾಫೇ ಅಕಲ್. ಹೆಸರು ಕೇಳಿಯೇ "ಈ ಲೆಕ್ಕ ನಮಗಲ್ಲ" ಎಂದು ಕೈಬಿಡುವ ಮಕ್ಕಳು ನಮ್ಮ ಚಾಮರಾಜಪೇಟೆಯಲ್ಲೂ ಇದ್ದಾರೆ. ಚರಿತ್ರೆ ಹೇಳುವುದೇ ಬೇರೆ.

ದೊಡ್ಡ ಸಂಖ್ಯೆಯಿಂದ ಚಿಕ್ಕದನ್ನು ಕಳೆಯುತ್ತಾ ಮ.ಸಾ.ಅ. ಕಂಡುಹಿಡಿಯುವ ಕ್ರಮ ಗ್ರೀಕ್ ವಿದ್ವಾಂಸ ಯೂಕ್ಲಿಡನ 'ಎಲಿಮೆಂಟ್ಸ್' ಗ್ರಂಥದ 7ನೇ ಭಾಗದಲ್ಲಿದೆ. 18ರಲ್ಲಿ 12 ಕಳೆದರೆ 6, 12ರಲ್ಲಿ 6 ಕಳೆದರೂ 6, ಅದೇ ಮ.ಸಾ.ಅ. ಈ ಗ್ರಂಥವನ್ನು ಖಲೀಫಾ ಹಾರೂನ್ ರಶೀದರ (786–809) ಕಾಲದಲ್ಲಿ ಅಲ್-ಹಜ್ಜಾಜ್ ಇಬ್ನ್ ಯೂಸುಫ್ ಅರಬ್ಬಿ ಭಾಷೆಗೆ ತಂದರು.

ಅದಾಗಿ ಸುಮಾರು ಅರ್ಧ ಶತಮಾನದಲ್ಲಿ, ಕ್ರಿ.ಶ. 850ರ ಆಸುಪಾಸು, ಮಳಖೇಡದ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಜೈನ ಪಂಡಿತ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ರಚಿಸಿದರು. ಭಿನ್ನರಾಶಿಗಳ ಛೇದಗಳಿಗೆ ಲ.ಸಾ.ಅ. ತೆಗೆಯುವ ನಿಯಮ ಅದರಲ್ಲಿದೆ; ಅವರು ಅದನ್ನು 'ನಿರುದ್ಧ' ಎಂದರು. ಛೇದಗಳ ಸಾಮಾನ್ಯ ಅಪವರ್ತನವನ್ನು ಭಾಗಲಬ್ಧಗಳೊಡನೆ ಗುಣಿಸಬೇಕು. 12 ಮತ್ತು 18ಕ್ಕೆ: 6 × 2 × 3 = 36.

ಕ್ರಿ.ಶ. 851ರ ಅರಬ್ಬಿ ಪ್ರವಾಸ ಕಥನವೊಂದು ರಾಷ್ಟ್ರಕೂಟ ದೊರೆಯನ್ನು 'ಬಲ್ಹರಾ' ಎಂದು ಕರೆದು, ಅರಬರನ್ನು ಆತನಷ್ಟು ಪ್ರೀತಿಸುವ ಅರಸರಿಲ್ಲ ಎಂದಿದೆ.

ವಿದ್ಯಾರ್ಥಿ ಮಿತ್ರರೇ, ಒಂದು ಲೆಕ್ಕ ಬಾಗ್ದಾದಿನ ಅರಬ್ಬಿಯಲ್ಲಿ ಉಳಿಯಿತು, ಇನ್ನೊಂದು ಕನ್ನಡ ನೆಲದಲ್ಲಿ ಬೆಳೆಯಿತು. ಉರ್ದು, ಕನ್ನಡ ಎರಡನ್ನೂ ಓದುವ ನಿಮಗೆ ಇವೆರಡೂ ಸ್ವಂತ ಆಸ್ತಿ. ಹೆದರಬೇಡಿ, ಪೆನ್ಸಿಲ್ ಹಿಡಿಯಿರಿ.