ಹಿಟ್ಟಿನ ಕೋಳಿಯ ಕೂಗು
(ಜನ್ನನ ‘ಯಶೋಧರಚರಿತೆ’ಯಲ್ಲಿ ವ್ಯಂಗ್ಯ ಮತ್ತು ಅಹಿಂಸೆ)

ಹೊಯ್ಸಳ ವೀರಬಲ್ಲಾಳನಿಂದ ಮನ್ನಣೆ ಪಡೆದ ಜನ್ನನು ಕ್ರಿ.ಶ. 1209ರಲ್ಲಿ ‘ಯಶೋಧರಚರಿತೆ’ಯನ್ನು ರಚಿಸಿದನು. ಕಥೆ ಅವನು ಕಲ್ಪಿಸಿದುದಲ್ಲ. ಕ್ರಿ.ಶ. 959ರಲ್ಲಿಯೇ ಸೋಮದೇವಸೂರಿಯು ಇದನ್ನು ‘ಯಶಸ್ತಿಲಕ’ವೆಂಬ ಸಂಸ್ಕೃತ ಚಂಪುವಾಗಿ ವಿಸ್ತರಿಸಿದ್ದನು. ಪುಷ್ಪದಂತನು ಅಪಭ್ರಂಶದಲ್ಲಿಯೂ ವಾದಿರಾಜನು ಸಂಸ್ಕೃತದಲ್ಲಿಯೂ ಇದನ್ನು ಹಾಡಿದ್ದರು. ಜನ್ನನು ವಾದಿರಾಜನ ಜಾಡನ್ನು ಹಿಡಿದನು. ಪ್ರಾಣವಿಲ್ಲದ ಹಿಟ್ಟಿನ ಕೋಳಿಯನ್ನು ಕಡಿದವನಿಗೆ ಭವಭವಾಂತರದ ದುಃಖವೇಕೆ ಎಂಬುದು ಈ ಕಥೆಯು ಎತ್ತುವ ಕಠಿಣ ಪ್ರಶ್ನೆ. ಜನ್ನನ ಉತ್ತರವು ಉಪದೇಶಕ್ಕಿಂತ ಹೆಚ್ಚಾಗಿ ಕಥೆಯ ವ್ಯಂಗ್ಯದಲ್ಲಿ ಅಡಗಿದೆ.

ಕಥೆ ನಡೆಯುವ ತಾಣವೇ ಇದಕ್ಕೆ ಪೀಠಿಕೆ. ರಾಜಪುರದ ಚಂಡಮಾರಿಯ ಗುಡಿಯಲ್ಲಿ ಬಲಿಗಾಗಿ ಪ್ರಾಣಿಗಳು ನೆರೆದಿವೆ. ಅರಸ ಮಾರಿದತ್ತನು ಕತ್ತಿ ಹಿರಿದು ನಿಂತಿದ್ದಾನೆ. ಸುದತ್ತಾಚಾರ್ಯರ ಸಂಘದಿಂದ ಭಿಕ್ಷೆಗೆ ಹೊರಟಿದ್ದ ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರನ್ನು ನರಬಲಿಗೆಂದು ಅಲ್ಲಿಗೆ ಹಿಡಿದು ತರಲಾಗಿದೆ. ಅವರಲ್ಲಿ ಭಯವಿಲ್ಲ. ಯಶೋಧರನ ಕಥೆಯನ್ನೆಲ್ಲ ಹೇಳುವವನು ಈ ಬಾಲಕನೇ, ಕೇಳುವವನು ಕತ್ತಿ ಹಿಡಿದವನೇ. ಉಜ್ಜಯಿನಿಯ ಅರಮನೆಯನ್ನು ವರ್ಣಿಸುವಾಗಲೂ ಬಲಿಪೀಠವು ಓದುಗನ ಕಣ್ಣಿನಿಂದ ಮರೆಯಾಗದು.

ಯಶೋಧರನ ಪತ್ನಿ ಅಮೃತಮತಿಯು ಇರುಳಿನಲ್ಲಿ ಕೇಳಿದ ಗಾನಕ್ಕೆ ಮನಸೋತು ಕುರೂಪಿಯಾದ ಮಾವುತನನ್ನು ಸೇರುತ್ತಾಳೆ. ಹಿಂಬಾಲಿಸಿದ ಅರಸನು ಕತ್ತಿಯೆತ್ತಿ, ವಿವೇಕದಿಂದ ತಡೆದುಕೊಳ್ಳುತ್ತಾನೆ. ಆದರೆ ಕಂಡದ್ದನ್ನು ಕಂಡಂತೆ ನುಡಿಯಲಾರದೆ ತಾಯಿ ಚಂದ್ರಮತಿಗೆ ಅದನ್ನೊಂದು ಕನಸಿನ ಮರೆಯಲ್ಲಿ ಹೇಳುತ್ತಾನೆ. ತಾಯಿಯು ಅದನ್ನು ಅಪಶಕುನವೆಂದೇ ನಂಬಿ ಬಲಿ ಕೊಡಬೇಕೆನ್ನುತ್ತಾಳೆ. ಮಗ ಒಪ್ಪುವುದಿಲ್ಲ; ಕೊನೆಗೆ ಹಿಟ್ಟಿನ ಕೋಳಿಯಾದರೂ ಆಗಲೆಂಬ ಒಡಂಬಡಿಕೆಯಾಗುತ್ತದೆ. ನಿಜವಾದ ಕೊರಳುಗಳ ಮೇಲೆ ಇಳಿಯದ ಕತ್ತಿ ಹಿಟ್ಟಿನ ಕೊರಳಿನ ಮೇಲೆ ಇಳಿಯುತ್ತದೆ. ವ್ಯಂತರವೊಂದು ಹೊಕ್ಕಿದ್ದ ಆ ಕೋಳಿ ಕೂಗಿಬಿಡುತ್ತದೆ. ಕೊಂದಿಲ್ಲವೆಂಬ ಸಮಾಧಾನವನ್ನು ಆ ಒಂದು ಕೂಗು ಕಸಿದುಕೊಳ್ಳುತ್ತದೆ.

ಮುಂದಿನ ವಿಪರ್ಯಾಸಗಳೆಲ್ಲ ಇದರಿಂದಲೇ ಕವಲೊಡೆಯುತ್ತವೆ. ಅಮೃತಮತಿಯಿಕ್ಕಿದ ವಿಷದಿಂದ ಸತ್ತ ಮಗ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟುತ್ತಾರೆ. ಆ ನಾಯಿಯೇ ನವಿಲನ್ನು ಕೊಲ್ಲುತ್ತದೆ. ಮುಂದಿನ ಭವಗಳಲ್ಲಿ ತಂದೆಯ ಸದ್ಗತಿಗೆಂದು ಮಗ ಯಶೋಮತಿ ನಡೆಸುವ ಶ್ರಾದ್ಧಕ್ಕೆ ಆ ತಂದೆಯ ಮಾಂಸವೇ ಅಡುಗೆಯಾಗುತ್ತದೆ. ಕಡೆಗೆ ಕೋಳಿಗಳಾಗಿ ಹುಟ್ಟಿ, ಧರ್ಮವನ್ನು ಕೇಳಿದ ಹರ್ಷದಿಂದ ಕೂಗಿದಾಗ, ಯಶೋಮತಿಯ ಶಬ್ದವೇಧಿ ಬಾಣ ಅವೆರಡನ್ನೂ ಕೆಡಹುತ್ತದೆ. ಅವು ಅವನ ರಾಣಿ ಕುಸುಮಾವಳಿಯ ಬಸಿರಿನಲ್ಲಿ ಅವಳಿಗಳಾಗಿ ಜನಿಸುತ್ತವೆ. ಆ ಅವಳಿಗಳೇ ಬಲಿಗಾಗಿ ತಂದ ಮಕ್ಕಳು. ಮಾರಿದತ್ತನು ಅವರ ಸೋದರಮಾವ. ಒಂದು ಕೂಗಿನಿಂದ ತೊಡಗಿದ ಭವಮಾಲೆ ಮತ್ತೊಂದು ಕೂಗಿನಿಂದ ಮನುಷ್ಯಜನ್ಮವನ್ನು ಮುಟ್ಟುತ್ತದೆ.

ಶೈಲಿಯೂ ಇದಕ್ಕೆ ತಕ್ಕುದು. ನಾಲ್ಕು ಅವತಾರಗಳ ಈ ಕಿರುಕಾವ್ಯದ ಬಹುಭಾಗ ಕಂದಪದ್ಯ. ಚಂಪುವಿನ ವರ್ಣನೆಯ ವೈಭವಕ್ಕೆ ಇಲ್ಲಿ ಎಡೆ ಕಡಮೆ. ಕವಿಯು ಮರುಗುತ್ತ ನಿಲ್ಲುವುದಿಲ್ಲ, ದೂಷಿಸುತ್ತಲೂ ನಿಲ್ಲುವುದಿಲ್ಲ. ಘಟನೆಗಳನ್ನು ಎದುರುಬದುರಾಗಿ ಇರಿಸಿ ಮುಂದೆ ಸಾಗುತ್ತಾನೆ.

ದಂಡನೆಯು ತಪ್ಪಿಗಿಂತ ಮಿಗಿಲಾಯಿತೆಂದು ಸಹೃದಯನಿಗೆ ಅನ್ನಿಸುವುದು ಸಹಜ. ಆದರೆ ಜೈನದರ್ಶನವು ದ್ರವ್ಯಹಿಂಸೆಯೊಡನೆ ಭಾವಹಿಂಸೆಯನ್ನೂ ಎಣಿಸುತ್ತದೆ. ಕೋಳಿ ಹಿಟ್ಟಿನದು; ಸಂಕಲ್ಪ ಹಿಟ್ಟಿನದಲ್ಲ. ಬಲಿ ಬೇಡವೆಂದು ಬಲ್ಲವನೇ ತಾಯಿಯ ಮಾತಿಗೆ ಮಣಿದು ಬಲಿಯ ಆಕಾರವನ್ನು ಉಳಿಸಿಕೊಂಡನು. ಮನಸ್ಸನ್ನು ಮರೆಸಿದ ಕನಸಿನ ಕಥೆ, ಹಿಂಸೆಯನ್ನು ಮರೆಸಿದ ಹಿಟ್ಟು – ಎರಡೂ ಒಂದೇ ಬಗೆಯ ಆತ್ಮವಂಚನೆ. ಕಥೆ ಮುಗಿಯುವಾಗ ಮಾರಿದತ್ತನು ಬಲಿಗೆ ಬದಲನ್ನು ಹುಡುಕುವುದಿಲ್ಲ. ಬಲಿಯನ್ನೇ ಬಿಟ್ಟು ದೀಕ್ಷೆಯನ್ನು ಕೈಕೊಳ್ಳುತ್ತಾನೆ. ಯಶೋಧರನು ತಪ್ಪಿದ ಹೆಜ್ಜೆಯನ್ನು ಅವನ ಕಥೆ ಕೇಳಿದವನು ತಿದ್ದಿದನು.