ನಿಜಾಮರ ನಗರದಲ್ಲಿ ಹೃದಯದ ವಿಚಾರಣೆ

ನಾವು ಅನ್ನ ಅರಸಿ ಬಂದು ನೆಲೆಸಿದ ಈ ಹೈದರಾಬಾದಿನಲ್ಲಿ, ಮನುಷ್ಯನ ಹೃದಯವನ್ನು ಕುರಿತು ಪಶ್ಚಿಮದ ವೈದ್ಯಲೋಕವೇ ಕಿವಿಗೊಟ್ಟು ಕೇಳಿದ ವಾದವೊಂದು ನಡೆಯಿತೆಂಬುದನ್ನು ಬಲ್ಲವರು ಕಡಮೆ. ಕಲಬುರ್ಗಿ, ರಾಯಚೂರು, ಬೀದರಗಳೂ ಆಗ ನಿಜಾಮ ಸಂಸ್ಥಾನದಲ್ಲೇ ಇದ್ದುವಾದ್ದರಿಂದ ಇದು ನಮಗೆ ಹೊರಗಿನ ಕಥೆಯಲ್ಲ.

1847ರಲ್ಲಿ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರಮನ್ನು ಬಳಕೆಗೆ ತಂದರು. ಮರುವರ್ಷವೇ ಇಂಗ್ಲೆಂಡಿನಲ್ಲಿ, ಕಾಲ್ಬೆರಳಿನ ಉಗುರು ತೆಗೆಸಲು ಬಂದ ಹದಿನೈದರ ಹುಡುಗಿ ಅದನ್ನು ಮೂಸಿ ನಿಮಿಷಗಳಲ್ಲೇ ಸತ್ತಳು. ಮೊದಲು ನಿಂತದ್ದು ಉಸಿರೋ, ಹೃದಯವೋ? ಮದ್ದು ಕೊಡುವವನು ಎದೆಯನ್ನು ನೋಡುತ್ತಿರಬೇಕೋ, ನಾಡಿಯನ್ನು ಹಿಡಿದಿರಬೇಕೋ ಎಂಬುದು ಈ ಉತ್ತರವನ್ನೇ ನೆಚ್ಚಿತ್ತು.

ಇಲ್ಲಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿಯವರದು ಒಂದೇ ಹಟ: ಉಸಿರನ್ನು ಕಾಯಿರಿ, ನಾಡಿಯ ಗೊಡವೆ ಬೇಡ. 1888ರ ಹೈದರಾಬಾದ್ ಕ್ಲೋರೋಫಾರಂ ಆಯೋಗ ನಾಯಿಗಳ ಮೇಲೆ ಪ್ರಯೋಗಿಸಿ ಅದನ್ನೇ ಸಾರಿತು. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ನಂಬಲಿಲ್ಲ. ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರು 1000 ಪೌಂಡು ಕೊಟ್ಟು, ಪತ್ರಿಕೆಯೇ ತಜ್ಞರನ್ನು ಕಳುಹಿಸಲೆಂದರು. 1889ರಲ್ಲಿ ಲಾಡರ್ ಬ್ರಂಟನ್ ಬಂದರು. ನೂರಾರು ಪ್ರಾಣಿಗಳು ಬಲಿಯಾದುವು, ಪಾಪ! ಸಂಶಯದಿಂದ ಬಂದ ಬ್ರಂಟನ್ನರೂ ಕೊನೆಗೆ ಲಾರಿಯವರ ಕಡೆಗೇ ಸೇರಿದರು. ಇಲ್ಲಿಯೇ ವೈದ್ಯ ಕಲಿತ ರೂಪಾಬಾಯಿ ಫರ್ದೂನ್‌ಜಿಯವರೂ ಈ ಕೆಲಸದಲ್ಲಿ ಕೈಗೂಡಿಸಿದ್ದರು. ಅರಿವಳಿಕೆಯ ವಿದ್ಯೆಯಲ್ಲಿ ಲೋಕದ ಮೊದಮೊದಲ ಮಹಿಳೆಯರಲ್ಲಿ ಅವರೊಬ್ಬರು.

ಆದರೆ ತೀರ್ಪು ನಿಲ್ಲಲಿಲ್ಲ. ಅವರು ರಕ್ತದ ಒತ್ತಡವನ್ನು ಅಳೆದರು. ಹೃದಯದ ವಿದ್ಯುತ್ತನ್ನು ನಿಚ್ಚಳವಾಗಿ ಬರೆದಿಡುವ ಯಂತ್ರ ಆಗ ಇರಲಿಲ್ಲ. ಹಾಲೆಂಡಿನ ಐಂಟೋವನ್ನರ ಯಂತ್ರ ಬಂದ ತರುವಾಯ, 1911ರಲ್ಲಿ ಲಂಡನ್ನಿನ ಲೆವಿ ಮತ್ತು ಥಾಮಸ್ ಲೂಯಿಸ್ ಬೆಕ್ಕುಗಳಲ್ಲಿ ತೋರಿಸಿದ್ದೇ ಬೇರೆ: ಅಲ್ಪ ಕ್ಲೋರೋಫಾರಮಿನಲ್ಲೇ ಮಿಡಿತದ ಲಯ ಕೆಟ್ಟು, ಹೃದಯ ಬಡಿಯುವುದನ್ನು ಬಿಟ್ಟು ಬರಿದೆ ಅದುರತೊಡಗಬಹುದು. ಹೈದರಾಬಾದಿನಲ್ಲಿ ಬಹುಮಟ್ಟಿಗೆ ಅತಿ ಪ್ರಮಾಣವನ್ನೇ ಪರೀಕ್ಷಿಸಿದ್ದರು. ನಮ್ಮ ಮಟ್ಟಿಗೆ ಹೇಳುವುದಾದರೆ, ಲಾರಿ ಸುಳ್ಳುಗಾರರಲ್ಲ. ಒಂದೇ ಕಿಟಕಿಯಿಂದ ನೋಡಿದವರು.

ವಿದ್ಯುತ್ತಿನ ಆ ದಾರಿಯನ್ನೇ ಹಿಡಿದು ವೈದ್ಯರು ಮುಂದೆ ಹೃದಯದ ನಕ್ಷೆ ಬರೆದರು. ಮಿಡಿತದ ಅಪ್ಪಣೆ ಮೇಲಿನ ಕೋಣೆಗಳಿಂದ ಕೆಳಗಿನವಕ್ಕೆ ಇಳಿಯುವ ಹೆದ್ದಾರಿ ಒಂದೇ. ಕೆಲವರಿಗೆ ಹುಟ್ಟಿನಿಂದಲೇ ಇನ್ನೊಂದು ಕಳ್ಳದಾರಿಯಿರುತ್ತದೆ. ಅಪ್ಪಣೆ ಅದರಲ್ಲಿ ಸುತ್ತಿಬಂದರೆ ಎದೆ ನಾಗಾಲೋಟ ಓಡುತ್ತದೆ. 1968ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಎದೆ ತೆರೆದು, ಆ ದಾರಿಯನ್ನು ಗುರುತಿಸಿ ಕತ್ತರಿಸಿದರು. ಈಗ ನಮ್ಮ ನಗರದ ಆಸ್ಪತ್ರೆಗಳಲ್ಲೂ ತೊಡೆಯ ರಕ್ತನಾಳದಿಂದ ಸಣ್ಣ ತಂತಿಗಳನ್ನು ಹೃದಯಕ್ಕೆ ಕಳುಹಿಸಿ, ವಿದ್ಯುತ್ತು ಎಲ್ಲಿಗೆ ಎಲ್ಲಕ್ಕೂ ಮೊದಲು ಮುಟ್ಟುವುದೆಂದು ನೋಡಿ, ಆ ಎಡೆಯನ್ನು ಸುಟ್ಟುಬಿಡುತ್ತಾರೆ. ಎಷ್ಟೋ ವೇಳೆ ರೋಗಿ ಎಚ್ಚರವಾಗಿಯೇ ಇರುತ್ತಾನೆ. ತೊಡೆಯ ಬಳಿ ಮರಗಟ್ಟಿಸಿದರೆ ಸಾಕು.