ಕಾಲಿನ ಆಣಿಯ ಚರಿತ್ರೆ



ಹುಬ್ಬಳ್ಳಿಯಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ತಂದೆಯವರ ಹೆಬ್ಬೆರಳಿನ ಉಗುರು ದಪ್ಪಗಾಗಿ ಹಳದಿಗಟ್ಟಿದೆಯೆಂದೂ, ಅಂಗಾಲಿನಲ್ಲಿ ಆಣಿ ಎದ್ದಿದೆಯೆಂದೂ ಬರೆದು, ಔಷಧದ ಅಂಗಡಿಯಲ್ಲಿ ಸಿಗುವ ಜೆಲ್ ಹಚ್ಚಿದರೆ ವಾಸಿಯಾದೀತೇ ಎಂದು ಕೇಳಿದ್ದಾರೆ. ನಾನು ವೈದ್ಯನಲ್ಲ, ಸಮಾಜ ವಿಜ್ಞಾನ ಕಲಿಸಿದ ಮಾಸ್ತರ. ಆದರೂ ಈ ಚಿಕ್ಕ ಕೊಳವೆಯೊಳಗಿನ ಔಷಧಕ್ಕೆ ಎರಡು ಸಾವಿರ ವರ್ಷಗಳ ಹಿನ್ನೆಲೆಯಿದೆ. ಅದನ್ನು ಹೇಳಿದರೆ ಅವರ ಪ್ರಶ್ನೆಗೂ ನಡುವಿನಲ್ಲೆಲ್ಲೋ ಉತ್ತರ ದೊರೆಯುತ್ತದೆ.

ಮೊದಲು ಹೆಸರನ್ನು ನೋಡೋಣ. ಆಣಿ ಎಂದರೆ ಮೊಳೆ. ಬಂಡಿಯ ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕಡಾಣಿಯಲ್ಲಿ ಇರುವುದೂ ಇದೇ ಆಣಿ. (ಆಣಿಮುತ್ತಿನ ಆಣಿ ಬೇರೆ, ಅದನ್ನು ಇದಕ್ಕೆ ಬೆರೆಸಬೇಡಿರಿ.) ತಮಿಳರು ಇದನ್ನು ‘ಕಾಲ್ ಆಣಿ’ ಎನ್ನುತ್ತಾರೆ. ಲ್ಯಾಟಿನ್ ವೈದ್ಯಗ್ರಂಥಗಳಲ್ಲಿ ಇದರ ಹೆಸರು ‘ಕ್ಲಾವಸ್’, ಅದರ ಅರ್ಥವೂ ಮೊಳೆಯೇ. ಒಬ್ಬರನ್ನೊಬ್ಬರು ಕಾಣದ ಜನರು ಒಂದೇ ನೋವಿಗೆ ಒಂದೇ ಹೋಲಿಕೆಯನ್ನು ಹುಡುಕಿಕೊಂಡಿದ್ದಾರೆ. ಇಂಗ್ಲಿಷಿನ ‘ಕಾರ್ನ್’ ಮಾತ್ರ ಗೋವಿನಜೋಳವೂ ಅಲ್ಲ, ಮೊಳೆಯೂ ಅಲ್ಲ. ಅದು ಕೊಂಬು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಈ ಹೋಲಿಕೆಯೂ ಸುಳ್ಳಲ್ಲ. ದನದ ಕೊಂಬು, ಕುದುರೆಯ ಗೊರಸು, ನಮ್ಮ ಉಗುರು, ಕೂದಲು, ಅಂಗಾಲಿನ ಜಡ್ಡು ಇವೆಲ್ಲ ಕೆರಾಟಿನ್ ಎಂಬ ಒಂದೇ ಬಗೆಯ ಪ್ರೋಟೀನಿನಿಂದ ಆದವು. ಗಡಿಯಾಚೆಯ ಮರಾಠಿಯ ‘ಕುರೂಪ’ವೂ ನಮ್ಮ ಭಾಗದಲ್ಲಿ ಬಳಕೆಯಲ್ಲಿದೆ.

ಜಡ್ಡಿಗೂ ಆಣಿಗೂ ವ್ಯತ್ಯಾಸವಿದೆ. ಚರ್ಮದ ಮೇಲೆ ಒತ್ತಡವೂ ತಿಕ್ಕಾಟವೂ ಮೇಲಿಂದ ಮೇಲೆ ಬಿದ್ದರೆ ದೇಹವು ಅಲ್ಲಿ ಸತ್ತ ಪದರಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆ ಕಟ್ಟುತ್ತದೆ. ಅದು ಅಗಲವಾಗಿ ಹರಡಿದರೆ ಜಡ್ಡು. ಅದಕ್ಕೆ ಸಾಮಾನ್ಯವಾಗಿ ನೋವಿಲ್ಲ. ಒಕ್ಕಲಿಗನ ಅಂಗೈಯಲ್ಲಿ, ಬೀಡಿ ಕಟ್ಟುವ ತಾಯಂದಿರ ಬೆರಳಿನಲ್ಲಿ, ಮಸಿ ಪೆನ್ನು ಹಿಡಿದು ಬರೆದವರೆಲ್ಲರ ನಡುಬೆರಳಿನಲ್ಲಿ ಅದನ್ನು ನೋಡಿದ್ದೇವೆ. ಒತ್ತಡವು ಒಂದೇ ಬಿಂದುವಿನ ಮೇಲೆ, ಒಳಗಿನ ಎಲುಬಿನ ಉಬ್ಬಿನ ಎದುರು ಬಿದ್ದಾಗ ಮಾತ್ರ ಆ ಗಟ್ಟಿ ಚರ್ಮ ಶಂಕುವಿನ ಆಕಾರದಲ್ಲಿ ಒಳಮುಖವಾಗಿ ಬೆಳೆಯುತ್ತದೆ. ಅದರ ಮೊನೆ ನರಕ್ಕೆ ಒತ್ತಿದಾಗ ಹೆಜ್ಜೆ ಹೆಜ್ಜೆಗೂ ಮುಳ್ಳು ಚುಚ್ಚಿದಂತಾಗುತ್ತದೆ. ಅದೇ ಆಣಿ.

ಸುಶ್ರುತ ಸಂಹಿತೆಯು ಇದನ್ನು ‘ಕದರ’ವೆಂದು ಕರೆದು, ಕ್ಷುದ್ರರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಹರಳುಕಲ್ಲು ಒತ್ತಿದ ಅಥವಾ ಮುಳ್ಳು ಚುಚ್ಚಿದ ಪಾದದಲ್ಲಿ ಬೋರೆಹಣ್ಣಿನಷ್ಟು ದೊಡ್ಡದಾಗಿ ಏಳುವ ಗಂಟೆಂದು ಅದರ ವರ್ಣನೆ. ಚಿಕಿತ್ಸೆ ಕಠೋರವಾದದ್ದು: ಶಸ್ತ್ರದಿಂದ ಕಿತ್ತು ತೆಗೆದು, ಆ ಸ್ಥಳವನ್ನು ಕಾದ ಎಣ್ಣೆಯಿಂದ ಸುಡಬೇಕು. ಬುಡ ಉಳಿದರೆ ಮತ್ತೆ ಬೆಳೆಯುತ್ತದೆಂಬ ಅನುಭವವೇ ಆ ಸುಡುವಿಕೆಯ ಹಿಂದೆ ಇದ್ದಿರಬೇಕೆಂದು ನನ್ನ ಊಹೆ. ಪೆಟ್ಟು ಬಿದ್ದು ಒರಟಾಗಿ, ಕಪ್ಪಾಗಿ, ಗಡಸಾದ ಉಗುರನ್ನು ಅದೇ ಗ್ರಂಥ ‘ಕುನಖ’ವೆಂದು ಹೇಳುತ್ತದೆ. ಹಿಮ್ಮಡಿಯ ಒಡಕಿಗೆ ಮಾತ್ರ ಮೃದುವಾದ ಉಪಾಯವಿದೆ. ಜೇನುಮೇಣ, ತುಪ್ಪ, ವಸೆ, ಸರ್ಜದ ಅಂಟು, ಯವಕ್ಷಾರ, ಕೆಮ್ಮಣ್ಣುಗಳನ್ನು ಬೆರೆಸಿದ ಲೇಪ. ಇಂದಿನ ಹಿಮ್ಮಡಿಯ ಮುಲಾಮುಗಳಲ್ಲಿಯೂ ಮೇಣ ಮತ್ತು ಜಿಡ್ಡೇ ಮುಖ್ಯವಾದವು.

ಕಣಗಲಾ, ಸಂಕೇಶ್ವರ, ಹುಕ್ಕೇರಿಯ ಕಡೆ ಸುಶ್ರುತನ ಹೆಸರನ್ನು ಕೇಳದವರೂ ಇದಕ್ಕೆ ತಮ್ಮದೇ ಮದ್ದು ಮಾಡಿಕೊಂಡಿದ್ದರು. ನಮ್ಮದು ಬರಿಗಾಲಿನ ನಾಡು. ಕಬ್ಬು ಕಡಿದ ಹೊಲದಲ್ಲಿ ಕೂಳೆ ಚುಚ್ಚುತ್ತದೆ, ಬೇಸಿಗೆಯಲ್ಲಿ ಕರಿಮಣ್ಣು ಬಿರಿದು ಅಂಚು ಕತ್ತಿಯಾಗುತ್ತದೆ. ಅದರ ಮೇಲೆ ಪಂಢರಪುರದ ವಾರಿ, ಸವದತ್ತಿಯ ಎಲ್ಲಮ್ಮ, ಚಿಂಚಲಿಯ ಮಾಯಕ್ಕನ ಜಾತ್ರೆಗಳಿಗೆ ನಡೆದು ಹೋಗುವ ಹರಕೆಗಳು. ಚಪ್ಪಲಿ ಹಾಕಿದವರೂ ಪೂರ್ತಿ ಪಾರಾಗಲಿಲ್ಲ. ಅಥಣಿ, ನಿಪ್ಪಾಣಿಯ ಸೀಮೆಯಲ್ಲಿ ಹೊಲಿಯುವ ಕೊಲ್ಹಾಪುರಿ ಚಪ್ಪಲಿ ಹೊಸದರಲ್ಲಿ ಕಚ್ಚುತ್ತದೆ, ಎಣ್ಣೆ ಕುಡಿದ ಮೇಲೆಯೇ ಪಾದಕ್ಕೆ ಒಗ್ಗುತ್ತದೆ. (ಆ ಚಪ್ಪಲಿಯ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಪಾಲಿದೆ. 2025ರಲ್ಲಿ ಇಟಲಿಯ ಕಂಪನಿಯೊಂದು ಅದರ ಹೋಲಿಕೆಯ ಚಪ್ಪಲಿಯನ್ನು ಮಿಲಾನಿನಲ್ಲಿ ಪ್ರದರ್ಶಿಸಿದಾಗ ಎದ್ದ ಗದ್ದಲ ನಿಮಗೆ ನೆನಪಿರಬಹುದು. ನಮ್ಮ ಸಮಗಾರರ ಕೈಗಳ ಜಡ್ಡನ್ನು ಆಗ ಯಾರೂ ನೆನೆಯಲಿಲ್ಲ.)

ಊರಿನ ಕ್ಷೌರಿಕರು ಉಗುರು ತೆಗೆಯುವ ಚಿಕ್ಕ ಉಳಿಯಿಂದಲೇ ಜಡ್ಡನ್ನು ಹೆರೆಯುತ್ತಿದ್ದರು. ಅದಕ್ಕೆ ಬೇರೆ ಹಣವಿರಲಿಲ್ಲ. ಸುಗ್ಗಿಯಲ್ಲಿ ಕೊಡುವ ಆಯದಲ್ಲಿಯೇ ಅದೂ ಸೇರಿತ್ತು. ಮದ್ದುಗಳಲ್ಲಿ ಎಕ್ಕೆಯ ಹಾಲು ಒಂದು. ಅದರಲ್ಲಿ ಪ್ರೋಟೀನನ್ನು ಕರಗಿಸುವ ಕಿಣ್ವಗಳಿವೆಯೆಂದು ವಿಜ್ಞಾನಿಗಳು ಈಗ ಹೇಳುತ್ತಾರೆ. ಅದೇ ಹಾಲಿನ ಕೈ ಕಣ್ಣಿಗೆ ತಗುಲಿದರೆ ಕಣ್ಣೇ ಕೆಡುತ್ತದೆ. ಇನ್ನೊಂದು ಬಿಬ್ಬ, ಅಂದರೆ ಕೇರುಬೀಜ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಆ ಕಪ್ಪು ರಸವನ್ನು ಕಾಯಿಸಿ ಆಣಿಯ ಮೇಲೆ, ಹಿಮ್ಮಡಿಯ ಒಡಕಿನ ಮೇಲೆ ಚಟಕ್ಕನೆ ಇಡುತ್ತಿದ್ದರು. ಕೆಲವರಿಗೆ ಗುಣವಾಗುತ್ತಿತ್ತು, ಕೆಲವರಿಗೆ ಮೈಯೆಲ್ಲ ಬೊಕ್ಕೆ ಏಳುತ್ತಿತ್ತು.

ಮೂರನೆಯದು ಗೋಡಂಬಿಯ ಸಿಪ್ಪೆಯ ಎಣ್ಣೆ. ಇದನ್ನು ‘ಋಷಿಮುನಿಗಳ ಕಾಲದ ಮದ್ದು’ ಎನ್ನುವವರಿದ್ದಾರೆ. ಅದು ಆಗದ ಮಾತು. ಗೋಡಂಬಿಯ ಮರ ಬ್ರೆಜಿಲ್ ದೇಶದ್ದು, ಪೋರ್ತುಗೀಜರು 16ನೆಯ ಶತಮಾನದಲ್ಲಿ ಭಾರತದ ಪಶ್ಚಿಮ ಕರಾವಳಿಗೆ ತಂದದ್ದು. ಆದರೆ ಆ ಎಣ್ಣೆಯಲ್ಲಿ ಒಂದು ಸೋಜಿಗವಿದೆ. ಅದರ ಪ್ರಧಾನ ಅಂಶವಾದ ಅನಾಕಾರ್ಡಿಕ್ ಆಮ್ಲವು, ಉದ್ದನೆಯ ಇಂಗಾಲದ ಬಾಲವನ್ನು ಜೋಡಿಸಿದ ಸ್ಯಾಲಿಸಿಲಿಕ್ ಆಮ್ಲವೇ. ಇಂದು ಆಣಿಯ ಪಟ್ಟಿಯಲ್ಲಿ, ಜೆಲ್ಲಿನಲ್ಲಿ ಇರುವುದು ಬಾಲವಿಲ್ಲದ ಅದೇ ಆಮ್ಲ. ಹೆಸರು ಗೊತ್ತಿಲ್ಲದೆಯೂ ನಮ್ಮ ಹಿರಿಯರು ಅದರ ಬಂಧುವಿನ ಬಾಗಿಲನ್ನು ತಟ್ಟಿದ್ದರು!

ಸ್ಯಾಲಿಸಿಲಿಕ್ ಆಮ್ಲದ ಕಥೆ ಯುರೋಪಿನ ನೀರಂಚಿನಲ್ಲಿ ಬೆಳೆಯುವ ವಿಲ್ಲೋ ಮರದ ತೊಗಟೆಯಿಂದ ಆರಂಭವಾಗುತ್ತದೆ. 1763ರಲ್ಲಿ ಎಡ್ವರ್ಡ್ ಸ್ಟೋನ್ ಎಂಬ ಇಂಗ್ಲಿಷ್ ಪಾದ್ರಿ ಆ ತೊಗಟೆಯ ಪುಡಿಯಿಂದ ಚಳಿಜ್ವರ ಇಳಿಯುತ್ತದೆಂದು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದನು. 1828ರಲ್ಲಿ ಮ್ಯೂನಿಕ್ಕಿನ ಬುಖ್ನರ್ ಅದರ ಕಹಿ ಸಾರವಾದ ಸ್ಯಾಲಿಸಿನ್ ಅನ್ನು ಬೇರ್ಪಡಿಸಿದನು. 1838ರಲ್ಲಿ ಇಟಲಿಯ ರಾಫೇಲ್ ಪಿರಿಯಾ ಅದರಿಂದ ಆಮ್ಲವನ್ನು ಪಡೆದನು. ಮುಂದೆ ಜರ್ಮನಿಯ ಹರ್ಮನ್ ಕೋಲ್ಬೆ ಮರದ ಹಂಗಿಲ್ಲದೆ ಅದನ್ನು ತಯಾರಿಸುವ ದಾರಿ ಕಂಡುಹಿಡಿದ ಮೇಲೆ, 1874ರಲ್ಲಿ ಡ್ರೆಸ್ಡನ್ ನಗರದಲ್ಲಿ ಅದರ ಕಾರ್ಖಾನೆಯೇ ಎದ್ದಿತು. ಆಗ ಅದನ್ನು ಹೆಚ್ಚಾಗಿ ನುಂಗುತ್ತಿದ್ದರು. ಹೊಟ್ಟೆಯನ್ನು ಕೆರಳಿಸುವ ಆ ಗುಣವನ್ನು ತಗ್ಗಿಸಲು ಹುಟ್ಟಿದ್ದೇ 1899ರಲ್ಲಿ ಮಾರುಕಟ್ಟೆಗೆ ಬಂದ ಆಸ್ಪಿರಿನ್.

ಚರ್ಮದ ಕಡೆಗೆ ಅದನ್ನು ತಿರುಗಿಸಿದವರಲ್ಲಿ ಮುಖ್ಯನು ಹ್ಯಾಂಬರ್ಗಿನ ಚರ್ಮವೈದ್ಯ ಪಾಲ್ ಗರ್ಸನ್ ಉನ್ನಾ. 1880ರ ದಶಕದಲ್ಲಿ ಅವನು ಈ ಆಮ್ಲವು ಗಟ್ಟಿ ಚರ್ಮವನ್ನು ಮೆತ್ತಗೆ ಮಾಡಿ ಉದುರಿಸುವುದನ್ನು ವಿವರಿಸಿದನು. ಅದೇ ಊರಿನ ಔಷಧ ವ್ಯಾಪಾರಿ ಬೈಯರ್ಸ್‌ಡಾರ್ಫ್ 1882ರಲ್ಲಿ ಔಷಧದ ಅಂಟುಪಟ್ಟಿಗೆ ಪೇಟೆಂಟ್ ಪಡೆದಿದ್ದನು. ಈ ಇಬ್ಬರ ಒಡನಾಟದಿಂದಲೇ ಔಷಧದ ಪಟ್ಟಿಗಳು ಬೆಳೆದವು. ನಮ್ಮ ಪೇಟೆಗಳಲ್ಲಿ ‘ಕಾರ್ನ್ ಕ್ಯಾಪ್’ ಎಂದು ಕೇಳಿ ಪಡೆಯುವ, ನಡುವೆ ಔಷಧದ ಬೊಟ್ಟು, ಸುತ್ತಲೂ ಮೆತ್ತನೆಯ ಉಂಗುರ ಇರುವ ಪಟ್ಟಿ ಆ ವಂಶದ ಕುಡಿ. ನಮ್ಮ ಸರಕಾರಿ ದವಾಖಾನೆಗಳಲ್ಲಿ ಗಜಕರ್ಣಕ್ಕೆ ಕೊಡುತ್ತಿದ್ದ ವಿಟ್‌ಫೀಲ್ಡ್ ಮುಲಾಮಿನಲ್ಲಿಯೂ ಇದೇ ಆಮ್ಲವಿತ್ತು.

ಇದು ಆಣಿಯನ್ನು ಸುಡುವುದೆಂದು ಹಲವರು ತಿಳಿದಿದ್ದಾರೆ. ನಿಜವಾಗಿ ಮಾಡುವ ಕೆಲಸ ಗೋಡೆಯ ಗಾರೆಯನ್ನು ಸಡಿಲಿಸಿದಂತೆ. ಸತ್ತ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿರುವ ಬಂಧ ಬಿಡುತ್ತದೆ, ಇಟ್ಟಿಗೆಗಳು ತಾವಾಗಿ ಕಳಚುತ್ತವೆ. ಬೆಚ್ಚಗಿನ ನೀರಿನಲ್ಲಿ ಪಾದ ನೆನೆಸಿ, ಒರೆಸಿ, ಆಣಿಯ ಮೇಲಷ್ಟೇ ಹಚ್ಚಿ, ಬೆಳ್ಳಗಾದ ಪದರವನ್ನು ಪಾದ ತಿಕ್ಕುವ ಕಲ್ಲಿನಿಂದ ಮೆಲ್ಲನೆ ತೆಗೆಯುವುದು ರೂಢಿ. ಕೆಲವು ವಾರಗಳ ತಾಳ್ಮೆ ಬೇಕು. ಒತ್ತುವ ಚಪ್ಪಲಿ ಬದಲಾಗದಿದ್ದರೆ ಆಣಿಯೂ ಮರಳಿ ಬರುತ್ತದೆ.

ಉಗುರಿನ ಮದ್ದು ಬೇರೆ, ಅದರ ಮೂಲ ನಮ್ಮ ಕಬ್ಬಿನ ಹೊಲದಲ್ಲಿಯೇ ಬಿದ್ದಿದೆ. ಅದು ಯೂರಿಯಾ! ಬುಖ್ನರ್ ಸ್ಯಾಲಿಸಿನ್ ಬೇರ್ಪಡಿಸಿದ 1828ರಲ್ಲಿಯೇ ಫ್ರೆಡ್ರಿಕ್ ವೋಲರ್ ಪ್ರಯೋಗಶಾಲೆಯಲ್ಲಿ ಯೂರಿಯಾ ತಯಾರಿಸಿದ ವರದಿಯನ್ನು ಪ್ರಕಟಿಸಿದನು. ಇಸವಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದ ನನಗೆ ಇಂಥ ಜೋಡಿಗಳು ಸಿಕ್ಕಾಗ ಇಂದಿಗೂ ಸಂತೋಷವಾಗುತ್ತದೆ. ಯೂರಿಯಾ ಸೇಕಡಾ ಹತ್ತರಷ್ಟಿದ್ದರೆ ಚರ್ಮದಲ್ಲಿ ನೀರನ್ನು ಹಿಡಿದಿಡುತ್ತದೆ. ಸೇಕಡಾ ನಲವತ್ತಕ್ಕೆ ಏರಿದರೆ ಕೆರಾಟಿನನ್ನೇ ಮೆತ್ತಗೆ ಮಾಡುತ್ತದೆ. 1978ರಲ್ಲಿ ಅಮೆರಿಕದ ಫಾರ್ಬರ್ ಮತ್ತು ಸೌತ್ ಎಂಬ ವೈದ್ಯರು ಯೂರಿಯಾ ಮುಲಾಮನ್ನು ಕೆಟ್ಟ ಉಗುರಿನ ಮೇಲೆ ಕಟ್ಟಿ, ಕತ್ತರಿಯ ನೋವಿಲ್ಲದೆ ಅದನ್ನು ತೆಗೆಯುವ ಕ್ರಮವನ್ನು ಪ್ರಕಟಿಸಿದರು. ಹೀಗೆಂದು ಗೊಬ್ಬರದ ಚೀಲಕ್ಕೆ ಕೈಹಾಕಬೇಡಿರಿ, ಅದು ಔಷಧದ ಶುದ್ಧಿಯದಲ್ಲ.

ಉಗುರು ದಪ್ಪಗಾಗಲು ಕಾರಣಗಳು ಹಲವು. ಶಿಲೀಂಧ್ರ, ಹಳೆಯ ಪೆಟ್ಟು, ಸೋರಿಯಾಸಿಸ್, ಕೆಲವೊಮ್ಮೆ ಬರಿಯ ಮುಪ್ಪು. ಮುದುಕರಲ್ಲಿ ಅದು ಟಗರಿನ ಕೊಂಬಿನಂತೆ ಸುರುಳಿಯಾಗುವುದೂ ಉಂಟು. ಶಿಲೀಂಧ್ರವಿದ್ದರೆ ಮೆತ್ತಗೆ ಮಾಡುವ ಜೆಲ್ ಒಂದರಿಂದಲೇ ಅದು ಸಾಯುವುದಿಲ್ಲ, ಬೇರೆ ಔಷಧ ಬೇಕು. ಹೆಬ್ಬೆರಳಿನ ಉಗುರು ಹೊಸದಾಗಿ ಪೂರ್ತಿ ಬೆಳೆಯಲು ಒಂದು ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ. ಹದಿನೈದು ದಿನದಲ್ಲಿ ಹೊಸ ಉಗುರು ಎನ್ನುವ ಜಾಹೀರಾತನ್ನು ನಂಬುವ ಮೊದಲು ಈ ಲೆಕ್ಕ ನೆನಪಿರಲಿ.

ಇನ್ನು, ಈ ಬರಹವನ್ನು ಬರೆಯಲು ನನ್ನನ್ನು ಒತ್ತಾಯಿಸಿದ ಸಂಗತಿ. ನಮ್ಮ ಸೋದರಮಾವನವರಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು. 2003ರಲ್ಲಿ ಕಿರುಬೆರಳಿನ ಆಣಿಗೆಂದು ಅಂಗಡಿಯಿಂದ ಪಟ್ಟಿ ತಂದು ಅಂಟಿಸಿಕೊಂಡರು. ಅಂಗಡಿಯವರು ಏನೂ ಕೇಳಲಿಲ್ಲ, ಇವರು ಏನೂ ಹೇಳಲಿಲ್ಲ. ಪಟ್ಟಿ ಜರುಗಿ ಪಕ್ಕದ ಒಳ್ಳೆಯ ಚರ್ಮದ ಮೇಲೆ ಕೂತಿತ್ತು. ಪಾದದಲ್ಲಿ ಸ್ಪರ್ಶವೇ ಕುಂದಿದ್ದರಿಂದ ಉರಿ ತಿಳಿಯಲಿಲ್ಲ. ಐದನೆಯ ದಿನ ಅತ್ತೆಯವರು ಕಾಲುಚೀಲದ ಕಲೆ ನೋಡಿ, “ಇದೇನ್ರೀ ಇದು, ಕಾಲ ಒಳಗ ಕೀವು ಆಗೇತಿ!” ಎಂದು ಕೂಗಿದಾಗಲೇ ಎಲ್ಲರಿಗೂ ಗೊತ್ತಾದದ್ದು. ಮೊದಲು ಬೆರಳು ಹೋಯಿತು, ಆರು ತಿಂಗಳಲ್ಲಿ ಮೊಣಕಾಲಿನ ಕೆಳಗೆ ಕಾಲು ಹೋಯಿತು. ಊರಿಂದೂರಿಗೆ ನಡೆದು ಹೊಲ ನೋಡುತ್ತಿದ್ದ ಮನುಷ್ಯ ಕೊನೆಯ ನಾಲ್ಕು ವರ್ಷ ಪಡಸಾಲೆಯ ಮಂಚದಿಂದ ಏಳಲಿಲ್ಲ.

ಮಧುಮೇಹಿಗಳು ಆಣಿ, ಜಡ್ಡುಗಳಿಗೆ ರಾಸಾಯನಿಕ ಪಟ್ಟಿ, ದ್ರವ, ಜೆಲ್ ಯಾವುದನ್ನೂ ತಾವಾಗಿ ಹಚ್ಚಿಕೊಳ್ಳಬಾರದು, ಬ್ಲೇಡಂತೂ ಮುಟ್ಟಲೇಬಾರದು ಎಂದು ಮಧುಮೇಹದ ಪಾದಗಳ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಸ್ಪಷ್ಟವಾಗಿ ಹೇಳುತ್ತವೆ. ಕಾಲಿಗೆ ರಕ್ತಸಂಚಾರ ಕಡಿಮೆಯಿರುವವರಿಗೂ ಇದೇ ಮಾತು. ಅವರ ಜಡ್ಡನ್ನು ಬಲ್ಲವರು ಹೆರೆಯಬೇಕು. ಹುಬ್ಬಳ್ಳಿಯ ಮಿತ್ರರೇ, ನಿಮ್ಮ ತಂದೆಯವರ ರಕ್ತದ ಸಕ್ಕರೆಯನ್ನು ಮೊದಲು ಪರೀಕ್ಷಿಸಿರಿ, ಜೆಲ್ಲಿನ ಮಾತು ಆಮೇಲೆ.

ಸ್ಪರ್ಶವಿಲ್ಲದ ಪಾದದ ಈ ಪಾಠವನ್ನು ಲೋಕಕ್ಕೆ ಕಲಿಸಿದ್ದರಲ್ಲಿ ನಮ್ಮ ನೆರೆಯ ತಮಿಳುನಾಡಿಗೆ ದೊಡ್ಡ ಪಾಲಿದೆ. ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1946ರಲ್ಲಿ ವೆಲ್ಲೂರಿಗೆ ಬಂದರು. ಕುಷ್ಠರೋಗಿಗಳ ಬೆರಳು, ಪಾದಗಳು ರೋಗದಿಂದಲೇ ಕೊಳೆತು ಉದುರುತ್ತವೆಂದು ಜನರು ಮಾತ್ರವಲ್ಲ, ವೈದ್ಯರೂ ನಂಬಿದ್ದ ಕಾಲವದು. ನೋವೇ ತಿಳಿಯದ ಪಾದದ ಮೇಲೆ ದಿನವೂ ಬೀಳುವ ಒತ್ತಡದಿಂದ ಜಡ್ಡು, ಜಡ್ಡಿನ ಕೆಳಗೆ ಹುಣ್ಣು, ಹುಣ್ಣಿನಿಂದ ಎಲುಬಿನ ನಾಶ ಎಂದು ಬ್ರ್ಯಾಂಡ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಅದಕ್ಕೆ ಅವರು ನಂಬಿದ ಮದ್ದು ಮುಲಾಮಲ್ಲ, ಸಣ್ಣ ರಂಧ್ರಗಳ ಮೆತ್ತನೆಯ ರಬ್ಬರಿನ ಚಪ್ಪಲಿ. ಎಂಸಿಆರ್ ಚಪ್ಪಲಿ ಎಂದು ಹೆಸರಾದ ಅದನ್ನು ಇಂದು ಮಧುಮೇಹಿಗಳಿಗೂ ಕೊಡುತ್ತಾರೆ.

ನಮ್ಮ ಕಣಗಲಾಕ್ಕೆ ರಬ್ಬರಿನ ನಂಟು ಬೇರೆ ರೀತಿಯಲ್ಲಿ ಬಂದಿತು. 1985ರಲ್ಲಿ ಇಲ್ಲಿ ಹಿಂದೂಸ್ತಾನ್ ಲ್ಯಾಟೆಕ್ಸ್ ಕಾರ್ಖಾನೆ ಆರಂಭವಾದಾಗ, ಹೊಲದ ಕೆಲಸ ಬಿಟ್ಟು ಪಾಳಿಗೆ ಹೋದ ಹುಡುಗರಲ್ಲಿ ಅನೇಕರು ಮೊದಲ ಸಲ ಬೂಟು ಹಾಕಿದರು. ಹಿಮ್ಮಡಿಯ ಒಡಕು ಹೋಯಿತು, ಕಿರುಬೆರಳಿನ ಮೇಲೆ ಆಣಿ ಬಂತು ಎಂದು ಅವರಲ್ಲೊಬ್ಬ ನನ್ನೆದುರು ನಕ್ಕಿದ್ದು ನೆನಪಿದೆ. ಅವನಿಗೂ ಈಗ ನಿವೃತ್ತಿಯ ವಯಸ್ಸು.

ಬಿಬ್ಬ, ಎಕ್ಕೆಯ ಹೊರತಾಗಿ ನಿಮ್ಮ ಮನೆಗಳಲ್ಲಿ ಹಿರಿಯರು ಆಣಿಗೆ ಬೇರೇನಾದರೂ ಹಚ್ಚುತ್ತಿದ್ದರೆ, ಅದಕ್ಕೆ ಗೋಕಾಕ, ಮೂಡಲಗಿಯ ಕಡೆ ಬೇರೆ ಹೆಸರುಗಳಿದ್ದರೆ, ದಯವಿಟ್ಟು ಬರೆದು ತಿಳಿಸಿರಿ.